ಟರ್ಬೊ ಕೆಟ್ಟಿರಲಿಲ್ಲ, ಗಾಳಿ ಸೋರುತ್ತಿತ್ತು

‘ಟರ್ಬೊ ಹೋಗಿದೆ ಅಣ್ಣ, ಬದಲಾಯಿಸಬೇಕು.’

ಈ ನಾಲ್ಕು ಪದ ಹೇಳಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಅದು ತಪ್ಪು ಎಂದು ತಿಳಿಯಲು ಒಂದು ಹಗಲು, ಒಂದು ರಾತ್ರಿ ಬೇಕಾಯಿತು. ಅಷ್ಟರಲ್ಲಿ ಒಬ್ಬ ಹೆಣ್ಣುಮಗಳ ಕೊರಳಿನ ಸರ ಸೊಸೈಟಿಯ ಲಾಕರ್ ಸೇರಿತ್ತು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಎಂಟು ತಿಂಗಳಾಗಿತ್ತು. ನಾಲ್ಕು ಇಂಟರ್‌ವ್ಯೂ ಕೊಟ್ಟಿದ್ದೆ. ನಾಲ್ಕು ಕಡೆಯೂ ‘ತಿಳಿಸುತ್ತೇವೆ’ ಎಂದರು, ಯಾರೂ ತಿಳಿಸಲಿಲ್ಲ. ‘ಮನೇಲಿ ಫೋನ್ ಹಿಡ್ಕೊಂಡು ಕೂರೋ ಬದ್ಲು ನಾಲ್ಕು ಬೋಲ್ಟ್ ಬಿಚ್ಚೋದಾದ್ರೂ ಕಲಿ’ ಎಂದು ಅಪ್ಪ ಹಾಸನದ ಬಿ.ಎಂ. ರಸ್ತೆ ಪಕ್ಕದ ಗ್ಯಾರೇಜೊಂದಕ್ಕೆ ಕರೆದುಕೊಂಡು ಹೋಗಿ ಬಿಟ್ಟುಬಂದರು. ಅಲ್ಲಿನ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನನ್ನನ್ನು ಮೊದಲ ದಿನದಿಂದಲೂ ‘ಇಂಜಿನಿಯರ್ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಅದು ಗೌರವವೋ ಕೀಟಲೆಯೋ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ.

ನನಗೂ ಒಂದಿಷ್ಟು ಜಂಬವಿತ್ತು. ಆನ್‌ಲೈನಿನಲ್ಲಿ ತರಿಸಿದ ಬೆಂಕಿಪೆಟ್ಟಿಗೆ ಗಾತ್ರದ ಸ್ಕ್ಯಾನರ್ ನನ್ನ ಬಳಿ ಇತ್ತು. ಕಾರಿನ ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ, ಮೊಬೈಲಿಗೆ ಬ್ಲೂಟೂತ್ ಜೋಡಿಸಿದರೆ ಇಂಜಿನ್‌ನ ಕಂಪ್ಯೂಟರ್ ನೆನಪಿಟ್ಟುಕೊಂಡ ದೋಷದ ಕೋಡ್‌ಗಳೆಲ್ಲ ಪರದೆಯ ಮೇಲೆ ಬರುತ್ತವೆ. ಉಸ್ತಾದರು ಕಿವಿಗೊಟ್ಟು, ಮೂಸಿ, ಮುಟ್ಟಿ ಕಂಡುಹಿಡಿಯುವುದನ್ನು ನಾನು ಒಂದು ಬಟನ್ ಒತ್ತಿ ಹೇಳಬಲ್ಲೆ ಎಂಬ ಭಾವನೆ.

ಉಸ್ತಾದರು ಮದುವೆಗೆಂದು ಅರಸೀಕೆರೆಗೆ ಹೋಗಿದ್ದ ದಿನವೇ ಆ ಹಳದಿ ಬೋರ್ಡಿನ ಡೀಸೆಲ್ ಕಾರು ಬಂತು. ಡ್ರೈವರ್ ಅಣ್ಣ ಧರ್ಮಸ್ಥಳಕ್ಕೆ ಬಾಡಿಗೆ ಹೋಗಿದ್ದರಂತೆ. ವಾಪಸು ಬರುವಾಗ ಶಿರಾಡಿ ಘಾಟಿ ಹತ್ತುವಲ್ಲಿ ಕಾರು ಎಳೆಯಲಿಲ್ಲ. ‘ಎರಡನೇ ಗೇರಲ್ಲಿ ಪೂರ್ತಿ ತುಳಿದ್ರೂ ಎತ್ತಿನಗಾಡಿ ಥರ ಹತ್ತುತ್ತೆ ತಮ್ಮಾ. ಹಿಂದೆ ನೋಡಿದ್ರೆ ಕಪ್ಪು ಹೊಗೆ. ಲಾರಿಯೋರು ಹಾರ್ನ್ ಹೊಡ್ಕೊಂಡು ನನ್ನೇ ಓವರ್‌ಟೇಕ್ ಮಾಡ್ಕೊಂಡು ಹೋದ್ರು’ ಎಂದರು. ಮೀಟರಿನಲ್ಲಿ ಇಂಜಿನ್ ದೀಪ ಹತ್ತಿತ್ತು.

ಸ್ಕ್ಯಾನರ್ ಚುಚ್ಚಿದೆ. ಪಿ 0299 ಬಂತು. ಟರ್ಬೊ ಅಂಡರ್‌ಬೂಸ್ಟ್. ಅಂದರೆ ಟರ್ಬೊ ಒದಗಿಸಬೇಕಾದಷ್ಟು ಒತ್ತಡದ ಗಾಳಿ ಇಂಜಿನ್‌ಗೆ ಸಿಗುತ್ತಿಲ್ಲ. ನಾನು ಬಾನೆಟ್ ಸುತ್ತ ಒಮ್ಮೆ ಕಣ್ಣಾಡಿಸಿದೆ. ಆ ನಾಲ್ಕು ಪದ ಹೇಳಿಬಿಟ್ಟೆ.

‘ಬೂಸ್ಟ್ ಅಂದ್ರೆ ಹಾಲಿಗೆ ಹಾಕ್ಕೊಂಡು ಕುಡಿಯೋದಲ್ವಾ?’ ಎಂದು ಅವರು ನಗಲು ನೋಡಿದರು. ರೇಟು ಕೇಳಿದ ಮೇಲೆ ನಗಲಿಲ್ಲ. ರೀಕಂಡೀಷನ್ ಮಾಡಿದ ಟರ್ಬೊ, ಲೇಬರ್ ಎಲ್ಲ ಸೇರಿ 24 ಸಾವಿರ ಎಂದು ಫೋನ್ ಮಾಡಿ ವಿಚಾರಿಸಿ ಹೇಳಿದ್ದೂ ನಾನೇ. ಕಾರಿನ ಕಂತು ಕಟ್ಟಲು ಹನ್ನೆರಡು ದಿನ ಬಾಕಿ ಇತ್ತು. ಗಾಡಿ ನಿಂತರೆ ಕಂತೂ ನಿಲ್ಲುತ್ತದೆ. ‘ನಾಳೆ ದುಡ್ಡು ತರ್ತೀನಿ, ಕೆಲಸ ಹಿಡ್ಕೊಳಿ’ ಎಂದು ಬಸ್ಸು ಹತ್ತಿದರು.

ಗಾಳಿಯ ದಾರಿ

ಮರುದಿನ ಬೆಳಿಗ್ಗೆ ಉಸ್ತಾದರಿಗೆ ವರದಿ ಒಪ್ಪಿಸಿದೆ. ಅವರು ಬೀಡಿ ಆರಿಸಿ, ಕಾರಿನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು.

‘ಲೀಕ್ ನೋಡಿದ್ಯಾ?’

‘ಕೋಡ್ ಬಂದಿದೆಯಲ್ಲ ಉಸ್ತಾದ್.’

‘ಕೋಡ್ ಏನಂತು?’

‘ಅಂಡರ್‌ಬೂಸ್ಟ್ ಅಂತು. ಗಾಳಿ ಒತ್ತಡ ಕಮ್ಮಿ ಅಂತ.’

‘ಟರ್ಬೊ ಹೋಗಿದೆ ಅಂತ ಎಲ್ಲಿ ಹೇಳ್ತು? ಜ್ವರದ ಕಡ್ಡಿ ಇಟ್ರೆ ಜ್ವರ ಎಷ್ಟಿದೆ ಅಂತ ಹೇಳುತ್ತೆ. ಮಲೇರಿಯಾನೋ, ಹಲ್ಲುನೋವೋ ಅಂತ ಹೇಳುತ್ತಾ?’

ನನ್ನ ಬಳಿ ಉತ್ತರವಿರಲಿಲ್ಲ. ವಿಚಿತ್ರವೆಂದರೆ, ಇದೇ ಪ್ರಶ್ನೆಯನ್ನು ಬೇರೆ ರೂಪದಲ್ಲಿ ನನ್ನ ಮೂರನೇ ಇಂಟರ್‌ವ್ಯೂನಲ್ಲಿ ಕೇಳಿದ್ದರು. ‘ಟರ್ಬೋಚಾರ್ಜರ್ ಬಗ್ಗೆ ಹೇಳಿ’ ಎಂದಾಗ ನಾನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದದ್ದರಿಂದ ಶುರುಮಾಡಿ, ಚಿತ್ರ ಬರೆದು ವಿವರಿಸಿದ್ದೆ. ‘ಸರಿ, ಇದರಲ್ಲಿ ಗಾಳಿ ಸೋರುತ್ತಿದ್ದರೆ ಹೇಗೆ ಪತ್ತೆಹಚ್ಚುತ್ತೀರಿ?’ ಎಂದರು. ‘ನೋಡಿದರೆ ಗೊತ್ತಾಗುತ್ತೆ ಸರ್’ ಎಂದಿದ್ದೆ. ಇಬ್ಬರು ಮುಖ ಮುಖ ನೋಡಿಕೊಂಡಿದ್ದರು.

ಓದುಗ ಗೆಳೆಯರಲ್ಲಿ ಬಿ.ಎ., ಬಿ.ಕಾಂ. ಓದುವವರೂ ಇರುತ್ತೀರಿ. ಎರಡು ಮಾತಿನಲ್ಲಿ ಹೇಳುತ್ತೇನೆ. ಇಂಜಿನ್ ಹೊರಗೆ ಎಸೆಯುವ ಬಿಸಿ ಹೊಗೆಯ ರಭಸದಿಂದ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ಸರಳಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಇದೇ ಟರ್ಬೊ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಇಂಟರ್‌ಕೂಲರ್ ಎಂಬ ರೇಡಿಯೇಟರಿನಂಥ ಪೆಟ್ಟಿಗೆಯಲ್ಲಿ ತಣ್ಣಗೆ ಮಾಡಿ ಇಂಜಿನ್‌ಗೆ ಕಳಿಸುತ್ತಾರೆ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಡೀಸೆಲ್ ಉರಿಸಬಹುದು. ಹಾಗಾಗಿ ಸಣ್ಣ ಇಂಜಿನ್ನೂ ದೊಡ್ಡದರಂತೆ ಎಳೆಯುತ್ತದೆ.

ಟರ್ಬೊದಿಂದ ಇಂಜಿನ್ ತನಕದ ಈ ದಾರಿಯಲ್ಲಿ ರಬ್ಬರ್ ಹೋಸ್, ಕ್ಲಿಪ್, ಪ್ಲಾಸ್ಟಿಕ್ ಪೈಪು, ಇಂಟರ್‌ಕೂಲರ್‌ನ ಬದಿಯ ಪ್ಲಾಸ್ಟಿಕ್ ಟ್ಯಾಂಕು, ಸೆನ್ಸರ್ ಕೂರುವ ರಿಂಗು, ಹೀಗೆ ಹತ್ತಾರು ಜೋಡಣೆಗಳಿವೆ. ಯಾವುದೊಂದು ಬಿಟ್ಟರೂ ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿ ರಸ್ತೆಪಾಲು. ಕಪ್ಪು ಹೊಗೆಯ ಗುಟ್ಟೂ ಇಲ್ಲೇ ಇದೆ. ಒಳಗೆ ಎಷ್ಟು ಗಾಳಿ ಹೋಯಿತು ಎಂದು ಅಳೆಯುವ ಸೆನ್ಸರ್ ಏರ್ ಫಿಲ್ಟರಿನ ಹತ್ತಿರ, ಟರ್ಬೊಗಿಂತ ಮುಂಚೆಯೇ ಇರುತ್ತದೆ. ಅದು ಲೆಕ್ಕ ಬರೆದುಕೊಂಡ ಗಾಳಿಯಲ್ಲಿ ಒಂದು ಪಾಲು ಮುಂದೆ ಸೋರಿಹೋಗಿದೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಪೂರ್ತಿ ಗಾಳಿಗೆ ತಕ್ಕ ಡೀಸೆಲ್ ಸುರಿಯುತ್ತದೆ. ಗಾಳಿ ಸಾಲದೆ ಅರೆಬೆಂದ ಡೀಸೆಲ್ ಮಸಿಯಾಗಿ ಹೊರಬರುತ್ತದೆ.

ಹಾಗಾದರೆ ಗ್ಯಾರೇಜಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ನೋಡಿದಾಗ ಯಾಕೆ ಏನೂ ಕಾಣಲಿಲ್ಲ? ನಿಂತಲ್ಲೇ ಗುರುಗುಟ್ಟುವ ಇಂಜಿನ್‌ನಲ್ಲಿ ಟರ್ಬೊ ಒತ್ತಡ ಹೆಚ್ಚೂಕಡಿಮೆ ಸೊನ್ನೆ. ಆಗ ಬಿರುಕು ಬಾಯಿ ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಭಾರ ಬಿದ್ದು ಒತ್ತಡ ಹೆಚ್ಚಿದಾಗ ಮಾತ್ರ ಬಾಯಿ ತೆರೆಯುತ್ತದೆ. ಆಗ ಬಾನೆಟ್ ತೆಗೆದು ನೋಡಲು ಯಾರಿಗೆ ಸಾಧ್ಯ? ಆದ್ದರಿಂದ ಇಂಜಿನ್ ಆಫ್ ಇರುವಾಗಲೇ ಆ ಒತ್ತಡವನ್ನು ಹೊರಗಿನಿಂದ ಕೊಡಬೇಕು.

‘ಪಂಕ್ಚರ್ ಅಂಗಡಿಲಿ ಟ್ಯೂಬ್‌ಗೆ ಗಾಳಿ ತುಂಬಿ ನೀರಲ್ಲಿ ಮುಳುಗ್ಸಿ ನೋಡ್ತಾರಲ್ಲ, ಇದೂ ಅದೇ. ಕಾರನ್ನ ಬಕೆಟ್‌ಲಿ ಮುಳುಗ್ಸಕ್ಕಾಗಲ್ಲ. ಅದಕ್ಕೆ ನೀರನ್ನೇ ಕಾರಿನ ಹತ್ರ ತರೋದು’ ಎಂದರು ಉಸ್ತಾದ್.

ಮೊಳೆಗೆ ನೇತುಹಾಕಿದ ಮುಚ್ಚಳ

ಗೋಡೆಯ ಮೊಳೆಯೊಂದರಲ್ಲಿ ನೇತಾಡುತ್ತಿದ್ದ ಅಲ್ಯೂಮಿನಿಯಂ ಮುಚ್ಚಳವನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಅದೇನೆಂದು ಒಮ್ಮೆಯೂ ಕೇಳಿರಲಿಲ್ಲ. ಲೇತ್ ಅಂಗಡಿಯಲ್ಲಿ ಕಡೆಸಿ, ನಡುವೆ ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದ್ದು. ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಯ ಪೈಪನ್ನು ಬಿಚ್ಚಿ, ಅಲ್ಲಿ ಒಂದು ತುಂಡು ಹೋಸ್ ಹಾಕಿ, ಈ ಮುಚ್ಚಳ ಕೂರಿಸಿ ಎರಡು ಕ್ಲಿಪ್ ಬಿಗಿದರು. ಕೆಲವರು ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಮುಚ್ಚಳದಲ್ಲೇ ಮಾಡಿಕೊಳ್ಳುತ್ತಾರೆ. ಆದರೆ ಗಾಳಿಯ ಒತ್ತಡಕ್ಕೆ ಪಿವಿಸಿ ಒಡೆದರೆ ಗಾಜಿನಂತೆ ಚೂರಾಗಿ ಸಿಡಿಯುತ್ತದೆ ಎಂದು ಉಸ್ತಾದರು ಅದನ್ನು ಮುಟ್ಟುವುದಿಲ್ಲ.

ಆಮೇಲಿನ ಕೆಲಸ ನನ್ನಿಂದಲೇ ಮಾಡಿಸಿದರು. ಇಂಜಿನ್ ತಣ್ಣಗಿರಬೇಕು. ಕೀ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಇಂಜಿನ್ ಒಳಗಿನ ಆವಿ ಹೊರಬರುವ ಬ್ರೀದರ್ ಪೈಪು ಮುಚ್ಚಳಕ್ಕಿಂತ ಮುಂದೆ ಸೇರಿಕೊಂಡಿದ್ದರೆ ಅದನ್ನು ಬಿಚ್ಚಿ, ಸೇರುವ ಬಾಯಿಯನ್ನು ಮುಚ್ಚಬೇಕು. ಇಲ್ಲದಿದ್ದರೆ ನಾವು ಕೊಡುವ ಗಾಳಿ ಆಯಿಲ್ ಇರುವ ಜಾಗಕ್ಕೆ ನುಗ್ಗಿ, ಚೆನ್ನಾಗಿದ್ದ ಆಯಿಲ್ ಸೀಲ್‌ಗಳೇ ಹಾಳಾಗುತ್ತವೆ. ಕಂಪ್ರೆಸರ್‌ನಿಂದ ನೇರವಾಗಿ ಗಾಳಿ ಬಿಡಬಾರದು. ನಡುವೆ ರೆಗ್ಯುಲೇಟರ್ ಮತ್ತು ಮೀಟರ್ ಇರಲೇಬೇಕು.

ಮೊದಲು 5 ಪಿಎಸ್‌ಐ. ಕಿವಿಗೊಟ್ಟು ಕೇಳಿದೆವು. ನಂತರ 10, ಕೊನೆಗೆ 15. ಕಾರಿನ ಟೈರಿಗೆ ಹಾಕುವುದರ ಅರ್ಧದಷ್ಟೂ ಇಲ್ಲ. ನಾನು ಮುಚ್ಚಳದ ಎದುರಿಗೇ ಬಗ್ಗಿ ನಿಂತಿದ್ದೆ. ಉಸ್ತಾದರು ಕಾಲರ್ ಹಿಡಿದು ಪಕ್ಕಕ್ಕೆ ಎಳೆದರು. ‘ಸಾಹೇಬ್ರೆ, ಲೆಕ್ಕ ಹಾಕಿ ನೋಡಿ, ಈ ಮುಚ್ಚಳ ಎಷ್ಟು ಜೋರಾಗಿ ಬಡಿಯುತ್ತೆ ಅಂತ.’ ಆ ರಾತ್ರಿ ಲೆಕ್ಕ ಹಾಕಿದೆ. ಆರು ಸೆಂಟಿಮೀಟರ್ ಅಗಲದ ಮುಚ್ಚಳ, ಹದಿನೈದು ಪಿಎಸ್‌ಐ. ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ 30 ಕೆ.ಜಿ.ಗೆ ಹತ್ತಿರ. ಕ್ಲಿಪ್ ಜಾರಿದ್ದರೆ ನನ್ನ ಮುಖದ ಗತಿ ಏನಾಗುತ್ತಿತ್ತು! ಮೊದಲ ಸೆಮಿಸ್ಟರಿನಲ್ಲಿ ಎರಡು ಅಂಕಕ್ಕೆ ಬರೆದ ಸೂತ್ರ ಅದು.

ಗಾಳಿ ಬಿಟ್ಟಾಗ ನಾಲ್ಕು ಜಾಗದಲ್ಲಿ ಕಿವಿ ಇಡಬೇಕು ಎಂದು ಹೇಳಿಕೊಟ್ಟರು. ಆಯಿಲ್ ತುಂಬುವ ಬಾಯಿಯಲ್ಲಿ ಸಣ್ಣಗೆ ‘ಸುಯ್’ ಎಂದರೆ ಗಾಬರಿ ಬೇಡ. ಯಾವುದೋ ಒಂದು ಸಿಲಿಂಡರಿನ ವಾಲ್ವ್ ತೆರೆದಿರುತ್ತದೆ, ಪಿಸ್ಟನ್ ರಿಂಗ್ ಸಂದಿಯಿಂದ ಒಂದಿಷ್ಟು ಗಾಳಿ ಇಳಿಯುತ್ತದೆ. ಸೈಲೆನ್ಸರ್ ಬಾಯಿಯಲ್ಲಿ ಗಾಳಿ ಬಂದರೆ ಎರಡು ಅರ್ಥ. ಒಂದು, ಒಳಗೆ ಬರುವ ಮತ್ತು ಹೊರಗೆ ಹೋಗುವ ವಾಲ್ವ್ ಎರಡೂ ಸ್ವಲ್ಪ ತೆರೆದಿರುವ ಜಾಗದಲ್ಲಿ ಇಂಜಿನ್ ನಿಂತಿದೆ. ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ, ಹೊಗೆಯನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ಕೂತಿರಬಹುದು. ಮೂರನೆಯದು ಇಂಟರ್‌ಕೂಲರ್‌ನ ಅಂಚು. ಅಲ್ಯೂಮಿನಿಯಂಗೆ ಪ್ಲಾಸ್ಟಿಕ್ ಟ್ಯಾಂಕನ್ನು ಮಡಚಿ ಕೂರಿಸಿದ ಗೆರೆಯಲ್ಲಿ ಬಿರುಕು ಬಿಡುವುದುಂಟು. ನಾಲ್ಕನೆಯದು ಹೋಸ್ ಮತ್ತು ಕ್ಲಿಪ್‌ಗಳು.

ನಮ್ಮ ಕಾರಿನಲ್ಲಿ ರೆಗ್ಯುಲೇಟರ್ ಮುಚ್ಚಿದ ಮರುಕ್ಷಣವೇ ಮೀಟರಿನ ಮುಳ್ಳು ಸರ್ರನೆ ಕೆಳಗಿಳಿಯಿತು. ಯಾವ ಇಂಜಿನ್ನೂ ಗಾಳಿಯನ್ನು ಪೂರ್ತಿ ಹಿಡಿದಿಟ್ಟುಕೊಳ್ಳುವುದಿಲ್ಲ, ನಿಧಾನವಾಗಿ ಇಳಿಯುವುದು ಸಹಜ. ಇದು ಬಿದ್ದ ಹಾಗೆ ಇಳಿಯಿತು. ‘ಸ್ಸ್ಸ್’ ಎಂಬ ಸದ್ದು ಕೆಳಗಿನಿಂದ ಬರುತ್ತಿತ್ತು. ಅಡಿಯ ಪ್ಲಾಸ್ಟಿಕ್ ಗಾರ್ಡ್ ಬಿಚ್ಚಿದೆ. ನಿನ್ನೆ ಅದನ್ನು ಬಿಚ್ಚಿರಲಿಲ್ಲ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್‌ನ ಮೇಲೆ ಎಣ್ಣೆ ಪಸೆಗೆ ದೂಳು ಮೆತ್ತಿ ಒಂದು ಕಪ್ಪು ಕಲೆ. ‘ಎಣ್ಣೆ ಕಲೆ ಎಲ್ಲಿದೆಯೋ ಅಲ್ಲಿಂದ ಹುಡುಕು’ ಎಂದರು. ಬಾಟಲಿಯಲ್ಲಿ ನೀರಿಗೆ ಶಾಂಪೂ ಸ್ಯಾಷೆ ಕಲಸಿ ಸಿಂಪಡಿಸಿದೆ. ಮೇಲ್ಭಾಗದಲ್ಲಿ ಏನಿಲ್ಲ. ಕೋಲಿಗೆ ಕಟ್ಟಿದ ಶೇವಿಂಗ್ ಕನ್ನಡಿಯನ್ನು ಹೋಸ್‌ನ ಹಿಂಬದಿಗೆ ಹಿಡಿದು ಟಾರ್ಚ್ ಬಿಟ್ಟೆ.

ಗುಳ್ಳೆಗಳು. ಜಾತ್ರೆಯಲ್ಲಿ ಮಕ್ಕಳು ಊದುತ್ತಾರಲ್ಲ, ಅಂಥ ಗುಳ್ಳೆಗಳು ಒಂದರ ಮೇಲೊಂದು. ಹೋಸ್ ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಎರಡು ಇಂಚು ಉದ್ದಕ್ಕೆ ಸೀಳಿತ್ತು. ಗಾಳಿ ನಿಲ್ಲಿಸಿದರೆ ಸೀಳು ಕೂದಲೆಳೆಯಂತೆ ಮುಚ್ಚಿಕೊಳ್ಳುತ್ತಿತ್ತು. ಗಾಳಿ ಕೊಟ್ಟರೆ ಮೀನಿನ ಬಾಯಿಯಂತೆ ತೆರೆಯುತ್ತಿತ್ತು.

ಉಸ್ತಾದರು ಅಲ್ಲಿಗೆ ಬಿಡಲಿಲ್ಲ. ಟರ್ಬೊ ಬಾಯಿಗೆ ಬೆರಳು ಹಾಕಿಸಿ ನಡುವಿನ ಸರಳನ್ನು ಹಿಂದೆ ಮುಂದೆ ಎಳೆದು ನೋಡಲು ಹೇಳಿದರು. ಆಟವಿರಲಿಲ್ಲ. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತಿರಲಿಲ್ಲ. ಟರ್ಬೊವನ್ನು ನಿಯಂತ್ರಿಸುವ ಸಣ್ಣ ವ್ಯಾಕ್ಯೂಮ್ ಪೈಪುಗಳು ಗಟ್ಟಿಯಾಗಿದ್ದವು. ಇದೆಲ್ಲ ಅರ್ಧ ಗಂಟೆಯ ಕೆಲಸ. ಯಾವುದೊಂದನ್ನೂ ನಾನು ನಿನ್ನೆ ಮಾಡಿರಲಿಲ್ಲ.

‘ನೀನೇ ಹೇಳು’

ಡ್ರೈವರ್ ಅಣ್ಣನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹನ್ನೊಂದು ಗಂಟೆಗೆ ಅವರೇ ಬಂದರು. ಕೈಯಲ್ಲಿ ಬ್ರೌನ್ ಕವರ್. ಹಿಂದಿನ ದಿನ ಮಧ್ಯಾಹ್ನವೇ ಸೊಸೈಟಿಗೆ ಹೋಗಿ ಹೆಂಡತಿಯ ಸರ ಅಡವಿಟ್ಟಿದ್ದರು.

ನಾನು ಉಸ್ತಾದರ ಮುಖ ನೋಡಿದೆ. ಅವರು ಕೈ ಒರೆಸಿಕೊಳ್ಳುತ್ತಾ, ‘ನೀನೇ ಹೇಳು. ನಿನ್ನೆ ಹೇಳಿದ್ದೂ ನೀನೇ ಅಲ್ವಾ’ ಎಂದು ಒಳಗೆ ಹೋದರು.

ಹೇಳಿದೆ. ಟರ್ಬೊ ಚೆನ್ನಾಗಿದೆ, ಹೋಸ್ ಸೀಳಿದೆ, ಹೋಸ್‌ಗೆ 1,650, ಎರಡು ಕ್ಲಿಪ್‌ಗೆ 140, ಲೇಬರ್ 600 ಎಂದೆ. ನಾನು ನೋಡದೆ ಹೇಳಿದ್ದೆ, ತಪ್ಪಾಯಿತು ಎಂದೆ. ಅವರ ಮುಖದಲ್ಲಿ ಮೊದಲು ನೆಮ್ಮದಿ ಕಂಡಿತು. ಆಮೇಲೆ ಅದು ಹೋಯಿತು.

‘ಅದೇ ಅರ್ಧ ಗಂಟೆ ನಿನ್ನೆ ನೋಡಿದ್ರೆ ಆಗ್ತಿರ್ಲಿಲ್ವಾ ತಮ್ಮಾ? ನನ್ನ ಹೆಂಡ್ತಿ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಅವಳ ಅಮ್ಮ ಹಾಕಿದ್ದ ಸರ ಅದು.’

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಚಿನ್ನ ಪರೀಕ್ಷೆ ಮಾಡುವವರಿಗೆಂದು ಸೊಸೈಟಿಯಲ್ಲಿ 300 ರೂಪಾಯಿ ಹಿಡಿದುಕೊಂಡಿದ್ದರಂತೆ. ಅಷ್ಟನ್ನು ನನ್ನ ಜೇಬಿನಿಂದ ಕೊಟ್ಟೆ. ಅವರು ಬೇಡ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಹೊಸ ಹೋಸ್ ಹಾಕುವಾಗ ಪೈಪಿನ ತುದಿಯ ಎಣ್ಣೆಯನ್ನು ಪೂರ್ತಿ ಒರೆಸಿದೆ, ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಜಾರುತ್ತದೆ. ಕ್ಲಿಪ್ ಅತಿಯಾಗಿ ಬಿಗಿದರೆ ಅದೇ ರಬ್ಬರನ್ನು ಕತ್ತರಿಸುತ್ತದೆ, ಆದ್ದರಿಂದ ಹದ ನೋಡಿ ಬಿಗಿದೆ. ಉಜ್ಜುತ್ತಿದ್ದ ಪಟ್ಟಿಯನ್ನು ಬಗ್ಗಿಸಿ ದೂರ ಮಾಡಿದೆ. ಮತ್ತೆ ಮುಚ್ಚಳ ಹಾಕಿ 15 ಪಿಎಸ್‌ಐ ಕೊಟ್ಟೆ. ಈ ಸಲ ಮುಳ್ಳು ನಿಧಾನವಾಗಿ, ಸಂಜೆಯ ನೆರಳು ಸರಿಯುವ ಹಾಗೆ ಇಳಿಯಿತು. ಗುಳ್ಳೆ ಇಲ್ಲ.

ಕೋಡ್ ಅಳಿಸಿ, ಅವರನ್ನೇ ಸ್ಟಿಯರಿಂಗಿನಲ್ಲಿ ಕೂರಿಸಿ, ಸ್ಕ್ಯಾನರ್ ಚುಚ್ಚಿದ ಮೊಬೈಲ್ ಹಿಡಿದು ಪಕ್ಕದಲ್ಲಿ ಕುಳಿತೆ. ಇಂಜಿನ್ ಸ್ಟಾರ್ಟ್ ಆಗುವ ಮೊದಲು ಒತ್ತಡದ ಸೆನ್ಸರ್ ಸುಮಾರು 90 ಕಿಲೊಪ್ಯಾಸ್ಕಲ್ ತೋರಿಸುತ್ತಿತ್ತು. ಅದು ನಮ್ಮ ಹಾಸನದ ಹವೆಯ ಒತ್ತಡ. ಸಮುದ್ರಮಟ್ಟದ ಮಂಗಳೂರಿನಲ್ಲಾದರೆ 101ರ ಹತ್ತಿರ ಇರುತ್ತದೆ. ರಿಪೇರಿಗೆ ಮುಂಚೆ ಏರಿನಲ್ಲಿ ಎಷ್ಟು ತುಳಿದರೂ ಅಂಕಿ 130ರ ಆಸುಪಾಸಿನಲ್ಲೇ ತಡವರಿಸಿತ್ತು. ಈಗ ಸಕಲೇಶಪುರದ ಕಡೆಯ ಏರಿನಲ್ಲಿ ಮೂರನೇ ಗೇರಿನಲ್ಲಿ ತುಳಿದಾಗ 150, 180, 200 ದಾಟಿತು. ಹಿಂದಿನ ಕನ್ನಡಿಯಲ್ಲಿ ಹೊಗೆ ಇರಲಿಲ್ಲ. ಅಣ್ಣ ಏನೂ ಮಾತಾಡಲಿಲ್ಲ. ಒಂದು ಲಾರಿಯನ್ನು ಹಿಂದೆ ಹಾಕಿ, ಸಣ್ಣಗೆ ಹಾರ್ನ್ ಹೊಡೆದರು.

ಅಂದಿನಿಂದ ಸ್ಕ್ಯಾನರನ್ನು ನಾನು ಬಿಸಾಡಿಲ್ಲ. ಅದು ಒಳ್ಳೆಯ ಜ್ವರದ ಕಡ್ಡಿ. ಆದರೆ ಕೋಡ್ ಬಂದ ಮೇಲೆ ಈಗ ಒಂದು ಕ್ರಮ ಅನುಸರಿಸುತ್ತೇನೆ. ಏರ್ ಫಿಲ್ಟರ್, ಹೋಸ್‌ಗಳು, ಗಾಳಿಯ ಪರೀಕ್ಷೆ, ವ್ಯಾಕ್ಯೂಮ್ ಪೈಪು, ಇಜಿಆರ್, ಸೆನ್ಸರ್. ಟರ್ಬೊದ ಹೆಸರು ಕಡೆಗೆ. ಕಡಿಮೆ ಖರ್ಚಿನದು ಮೊದಲು, ಹೆಚ್ಚು ಖರ್ಚಿನದು ಕೊನೆಗೆ. ಇತ್ತೀಚೆಗೆ ಸಣ್ಣ ಪೆಟ್ರೋಲ್ ಕಾರುಗಳಿಗೂ ಟರ್ಬೊ ಬಂದಿರುವುದರಿಂದ ಈ ಕ್ರಮಕ್ಕೆ ಕೆಲಸ ಹೆಚ್ಚೇ ಆಗಿದೆ.

ಇನ್ನೊಂದು ಮಾತು, ನನ್ನ ಹಾಗೆ ‘ತಿಳಿಸುತ್ತೇವೆ’ ಕೇಳಿಸಿಕೊಂಡು ಬಂದವರಿಗೆ. ನಾಲ್ಕನೇ ಇಂಟರ್‌ವ್ಯೂ ಆದ ಮೇಲೆ ನಾನು ನನ್ನ ಬಗ್ಗೆಯೂ ಇಂಥದ್ದೇ ತೀರ್ಪು ಕೊಟ್ಟುಕೊಂಡಿದ್ದೆ. ‘ನನ್ನ ತಲೆಯೇ ಇದಕ್ಕೆ ಆಗಿಬರೋದಲ್ಲ’ ಎಂದು ಅಮ್ಮನಿಗೆ ಹೇಳಿದ್ದೆ. ಇಂಜಿನ್ನೇ ಬೇಡ, ಗುಜರಿಗೆ ಹಾಕಿ ಎಂದ ಹಾಗೆ. ಯಾವ ಪ್ರಶ್ನೆಯಲ್ಲಿ ಸೋತೆ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿರಲಿಲ್ಲ. ಈಗ ಬರೆದಿದ್ದೇನೆ. ನಾಲ್ಕರಲ್ಲಿ ಮೂರು ಕಡೆ ನಾನು ಸೋತದ್ದು ‘ಹೇಗೆ ಪತ್ತೆಹಚ್ಚುತ್ತೀರಿ’ ಎಂಬ ಜಾತಿಯ ಪ್ರಶ್ನೆಗಳಲ್ಲಿ. ಅದು ಗ್ಯಾರೇಜಿನಲ್ಲಿ ಕಲಿಯಬಹುದಾದ ವಿದ್ಯೆ.

ನಾಲ್ಕು ದಿನ ಬಿಟ್ಟು ಡ್ರೈವರ್ ಅಣ್ಣನಿಂದ ಫೋನ್ ಬಂತು. ಸರ ಬಿಡಿಸಿಕೊಂಡೆ ಎಂದರು. ಸ್ಟ್ಯಾಂಡಿನ ಇನ್ನೊಬ್ಬರ ಕಾರೂ ಎಳೆಯುತ್ತಿಲ್ಲವಂತೆ, ಕಳಿಸುತ್ತೇನೆ ಎಂದರು. ಫೋನ್ ಇಡುವ ಮುಂಚೆ, ‘ಬಿಚ್ಚಿ ನೋಡಿ ಹೇಳು ತಮ್ಮಾ, ಆಯ್ತಾ?’ ಎಂದರು.

‘ಆಯ್ತು ಅಣ್ಣ’ ಎಂದೆ. ಮೊಳೆಯಿಂದ ಮುಚ್ಚಳ ಇಳಿಸಿ, ವಾಲ್ವ್ ಒರೆಸಿ ಇಟ್ಟುಕೊಂಡೆ. ಒಳಗಿನಿಂದ ಉಸ್ತಾದರು ಕೂಗಿದರು, ‘ಇಂಜಿನಿಯರ್ ಸಾಹೇಬ್ರೆ, ಟೀ ತಣ್ಣಗಾಗ್ತಿದೆ.’ ಅವತ್ತು ಅದು ಕೀಟಲೆ ಅನ್ನಿಸಲಿಲ್ಲ.